ರಿಪೋರ್ಟ್ ನಾರ್ಮಲ್, ಮನಸ್ಸು ಮಾತ್ರ ಇನ್ನೂ ಭಾರ: ಥೈರಾಯ್ಡ್ ಇರುವವರು ಏನು ಮಾಡಿದಿರಿ?

ತುಂಗೆ_ದಡದವಳು (ಶಿವಮೊಗ್ಗ)

ನನಗೆ 39 ವರ್ಷ. ಸಹಕಾರ ಸಂಘವೊಂದರಲ್ಲಿ ಕೆಲಸ. ಹೈಪೋಥೈರಾಯ್ಡ್ (ಥೈರಾಯ್ಡ್ ಹಾರ್ಮೋನ್ ಕೊರತೆ) ಇದೆ ಅಂತ ಗೊತ್ತಾದಾಗ ಟಿಎಸ್‌ಎಚ್ 18 ಇತ್ತು (ಕೊರತೆ ಹೆಚ್ಚಾದಷ್ಟೂ ರಕ್ತ ಪರೀಕ್ಷೆಯ ಈ ಅಂಕಿ ಏರುತ್ತದೆ). ಈಗ ಥೈರೋನಾರ್ಮ್ 75 (ಥೈರಾಕ್ಸಿನ್ ಮಾತ್ರೆ) ತಗೊಳ್ತಿದ್ದೇನೆ. ಹೋದ ವಾರದ ರಿಪೋರ್ಟ್‌ನಲ್ಲಿ 2.6 ಬಂದಿದೆ. ಮುಖದ ಊತ ಇಳಿದಿದೆ, ಮಲಬದ್ಧತೆ ಹೋಗಿದೆ, ಮೊದಲಿನ ಹಾಗೆ ಸದಾ ಚಳಿ ಅನ್ನಿಸುವುದಿಲ್ಲ. "ಎಲ್ಲಾ ಸರಿ ಇದೆ, ಆರು ತಿಂಗಳು ಬಿಟ್ಟು ಬನ್ನಿ" ಅಂದರು ಡಾಕ್ಟರ್.

ಆದರೆ ಮನಸ್ಸು ಸರಿ ಇಲ್ಲ. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಏನೂ ಬೇಡ ಅನ್ನಿಸುತ್ತದೆ. ಆಫೀಸಿನಲ್ಲಿ ಲೆಡ್ಜರ್ ಬಿಚ್ಚಿಟ್ಟುಕೊಂಡು ಒಂದೇ ಸಾಲನ್ನು ಮತ್ತೆ ಮತ್ತೆ ನೋಡುತ್ತಾ ಕೂರುತ್ತೇನೆ. ಕೂಡಿದ ಲೆಕ್ಕ ತಲೆಯಲ್ಲಿ ನಿಲ್ಲುವುದಿಲ್ಲ. ಶ್ರಾವಣ ಬಂದರೆ ಅರಿಶಿನ ಕುಂಕುಮಕ್ಕೆ ನಾಲ್ಕು ಮನೆ ಸುತ್ತಿ ಬರುತ್ತಿದ್ದವಳು ನಾನು. ಈ ಸಲ ತಂಗಿ ಮನೆಗೂ ಹೋಗಲಿಲ್ಲ. ಸುಮ್ನೆ ಕೂತಲ್ಲೇ ಅಳು ಬರುತ್ತದೆ. ಯಾಕೆ ಅಂತ ಕೇಳಿದರೆ ಹೇಳೋಕೆ ಏನೂ ಇರುವುದಿಲ್ಲ.

ಮನೆಯಲ್ಲಿ "ನಾರ್ಮಲ್ ಬಂದಿದೆಯಲ್ಲ, ಇನ್ನೇನು ನಿಂಗೆ?" ಅಂತಾರೆ. ಇದು ಥೈರಾಯ್ಡಾ, ಮನಸ್ಸಿನದಾ? ಯಾರಿಗೆ ತೋರಿಸಬೇಕು? ಹೀಗಾದವರು ಇದ್ದರೆ ದಯವಿಟ್ಟು ಬರೆಯಿರಿ.

ಔಷಧಿ_ಅಂಗಡಿ (ಹುಬ್ಬಳ್ಳಿ)

ಅಕ್ಕಾ, ಮನಸ್ಸಿನ ವಿಷಯ ತಿಳಿದವರು ಹೇಳಲಿ. ನಾನು ಮಾತ್ರೆಯದ್ದು ಹೇಳುತ್ತೇನೆ, ಯಾಕೆಂದರೆ ಕೌಂಟರಿನಲ್ಲಿ ನಿಂತು ದಿನಾ ನೋಡುವುದು ಇದೇ.

ಥೈರಾಕ್ಸಿನ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗಬೇಕು. ಆಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆ ಕಾಫಿ, ಚಹಾ ಏನೂ ಬೇಡ. ಕಾಫಿ ಕುಡಿಯುತ್ತಲೇ ನುಂಗುವವರು ಬಹಳ ಜನ. ಅವರಿಗೆ ಮಾತ್ರೆ ಪೂರ್ತಿ ಮೈಗೆ ಹತ್ತುವುದಿಲ್ಲ. ಕ್ಯಾಲ್ಸಿಯಂ, ಐರನ್ ಮಾತ್ರೆಗಳಿಗೆ 4 ಗಂಟೆ ಅಂತರ ಇರಲಿ. ಆ್ಯಸಿಡಿಟಿ ಸಿರಪ್‌ಗೂ ಅಷ್ಟೇ.

ಇನ್ನೊಂದು ಪ್ರಶ್ನೆ. ಕೂದಲಿಗೆ ಅಂತ ಬಯೋಟಿನ್ ಮಾತ್ರೆ ಏನಾದರೂ ತಗೊಳ್ತಿದ್ದೀರಾ? ಅದು ದೇಹದಲ್ಲಿರುವ ಹಾರ್ಮೋನನ್ನು ಬದಲಿಸುವುದಿಲ್ಲ. ಆದರೆ ಎಷ್ಟೋ ಲ್ಯಾಬ್‌ಗಳ ಪರೀಕ್ಷೆಯ ವಿಧಾನದಲ್ಲೇ ಬಯೋಟಿನ್ ಬಳಕೆ ಇರುತ್ತದೆ. ರಕ್ತದಲ್ಲಿ ಅದು ಜಾಸ್ತಿ ಇದ್ದರೆ ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ ತೋರಿಸಬಹುದು. ಟೆಸ್ಟಿಗೆ ಎರಡು ದಿನ ಮುಂಚೆಯಾದರೂ ನಿಲ್ಲಿಸಬೇಕು.

ತುಂಗೆ_ದಡದವಳು

ಹೌದು ಅಣ್ಣ, ಕೂದಲು ಉದುರುತ್ತಿದೆ ಅಂತ ಬ್ಯೂಟಿ ಪಾರ್ಲರಿನವರು ಹೇಳಿದ್ದರು. ಮಾತ್ರೆ ಶೀಟ್ ಮೇಲೆ ಬಯೋಟಿನ್ 10 ಮಿಲಿಗ್ರಾಂ ಅಂತಿದೆ. ಅದರ ಬಗ್ಗೆ ಲ್ಯಾಬಿನಲ್ಲಿ ಯಾರೂ ಕೇಳಿರಲಿಲ್ಲ.

ಔಷಧಿ_ಅಂಗಡಿ

10 ಮಿಲಿಗ್ರಾಂ ಜಾಸ್ತಿನೇ. ಅದನ್ನು ನಿಲ್ಲಿಸಿ, ಡಾಕ್ಟರಿಗೆ ಹೇಳಿ, ಇನ್ನೊಮ್ಮೆ ಮಾಡಿಸಿ. ಮಾತ್ರೆಯ ಪ್ರಮಾಣವನ್ನು ನೀವೇ ಏರಿಸಬೇಡಿ. ಥೈರಾಕ್ಸಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯುವುದಕ್ಕೇ ಒಂದು ವಾರ ಬೇಕು. ಅದಕ್ಕೇ ಡೋಸ್ ಬದಲಿಸಿದರೆ 6ರಿಂದ 8 ವಾರ ಬಿಟ್ಟು ಟೆಸ್ಟ್ ಮಾಡಿಸುತ್ತಾರೆ.

ಮನೆಮದ್ದು_ಪ್ರಿಯ

ಇಷ್ಟೆಲ್ಲಾ ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ಅತ್ತೆ ಕೊತ್ತಂಬರಿ ಬೀಜ ನೆನೆಸಿದ ನೀರು ಕುಡಿದು, ಉಜ್ಜಾಯಿ ಪ್ರಾಣಾಯಾಮ ಮಾಡಿ ಮಾತ್ರೆ ಬಿಟ್ಟರು. ಈಗ ಆರಾಮಾಗಿದ್ದಾರೆ. ಎಲೆಕೋಸು ಬಿಟ್ಟರೆ ಅರ್ಧ ವಾಸಿ.

ಬಿಳಿಕೋಟು_ಬೆಂಗಳೂರು

ನಾನು ಮನೋವೈದ್ಯೆ. ಇಲ್ಲಿ ಯಾರಿಗೂ ಕಾಯಿಲೆ ಪತ್ತೆ ಮಾಡಲು ಆಗದು, ತಿಳಿದದ್ದನ್ನು ಹೇಳಬಲ್ಲೆ.

ಮೊದಲು ಕೊತ್ತಂಬರಿ ನೀರಿನ ವಿಷಯ. ಕುಡಿಯಿರಿ, ತೊಂದರೆ ಇಲ್ಲ. ಪ್ರಾಣಾಯಾಮ ಮಾಡಿ, ಒಳ್ಳೆಯದೇ. ಎಲೆಕೋಸು ಬೇಯಿಸಿ ಪಲ್ಯ ಮಾಡಿ ತಿನ್ನಿ. ಥೈರಾಕ್ಸಿನ್ ಮಾತ್ರ ಬಿಡಬೇಡಿ. ದೊಡ್ಡವರಲ್ಲಿ ಈ ಕೊರತೆಗೆ ಮುಖ್ಯ ಕಾರಣ ಹಾಶಿಮೋಟೊ ಕಾಯಿಲೆ. ದೇಹದ ರಕ್ಷಣಾ ವ್ಯವಸ್ಥೆಯೇ ಥೈರಾಯ್ಡ್ ಗ್ರಂಥಿಯನ್ನು ಹಾಳು ಮಾಡುತ್ತಾ ಹೋಗುತ್ತದೆ. ಹಾಗೆ ಹಾಳಾದ ಗ್ರಂಥಿ ಕಷಾಯದಿಂದ ಮತ್ತೆ ಚಿಗುರುವುದಿಲ್ಲ. ಮಾತ್ರೆ ಬಿಟ್ಟ ಮೇಲೆ ಕೆಲವು ವಾರ ಆರಾಮ ಅನ್ನಿಸುವುದು ಹಳೆಯ ಮಾತ್ರೆ ಇನ್ನೂ ರಕ್ತದಲ್ಲಿ ಇರುವುದರಿಂದ. ನಿಮ್ಮ ಅತ್ತೆಯವರಿಗೆ ಒಮ್ಮೆ ಟಿಎಸ್‌ಎಚ್ ಮಾಡಿಸಿ, ಇದನ್ನು ಕಾಳಜಿಯಿಂದಲೇ ಹೇಳುತ್ತಿದ್ದೇನೆ.

ಇನ್ನು ತುಂಗೆ ದಡದವರ ಪ್ರಶ್ನೆ. ಮಿದುಳಿಗೂ ಥೈರಾಯ್ಡ್ ಹಾರ್ಮೋನ್ ಬೇಕು. ಮಾತ್ರೆಯಲ್ಲಿರುವುದು ಟಿ4, ಅಂದರೆ ಥೈರಾಕ್ಸಿನ್. ಅದನ್ನು ಮಿದುಳು ತನ್ನೊಳಗೇ ಟಿ3 ಎಂಬ ಚುರುಕಾದ ರೂಪಕ್ಕೆ ಬದಲಿಸಿಕೊಂಡು ಬಳಸುತ್ತದೆ. ಅದು ಕಡಿಮೆಯಾದರೆ ಒಲೆಯ ಉರಿ ಸಣ್ಣ ಮಾಡಿದ ಹಾಗೆ ಎಲ್ಲವೂ ನಿಧಾನ. ಯೋಚನೆ, ನೆನಪು, ಮಾತು, ಉತ್ಸಾಹ, ಎಲ್ಲಾ. ಕೊರತೆ ತೀವ್ರವಾದರೆ ಭ್ರಮೆ, ಅನುಮಾನದವರೆಗೂ ಹೋಗಬಹುದು. 1949ರಲ್ಲಿ ಲಂಡನ್ನಿನ ವೈದ್ಯ ರಿಚರ್ಡ್ ಆಶರ್ ಇಂಥ 14 ರೋಗಿಗಳ ಬಗ್ಗೆ ಬರೆದರು. ನೋಡಿದವರಿಗೆ ಬರೀ ಮನೋರೋಗದಂತೆ ಕಾಣುತ್ತಿತ್ತು, ಮೂಲ ಇದ್ದದ್ದು ಥೈರಾಯ್ಡಿನಲ್ಲಿ. ಚಿಕಿತ್ಸೆ ಕೊಟ್ಟ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು. ಅದಕ್ಕೇ ಖಿನ್ನತೆ ಅಂತ ಬಂದವರಿಗೆ ನಾವು ಟಿಎಸ್‌ಎಚ್ ಬರೆಯುವುದು.

ಆದರೆ ಇದರ ಇನ್ನೊಂದು ಮಗ್ಗುಲನ್ನು ಜನ ಕೇಳಿಸಿಕೊಳ್ಳುವುದು ಕಡಿಮೆ. ಬೆಂಗಳೂರೂ ಸೇರಿ ದೇಶದ 8 ನಗರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪರೀಕ್ಷಿಸಿದ ವಯಸ್ಕರಲ್ಲಿ ನೂರಕ್ಕೆ ಸುಮಾರು 11 ಜನರಿಗೆ ಥೈರಾಯ್ಡ್ ಕೊರತೆ ಇತ್ತು. ಅಷ್ಟು ಸಾಮಾನ್ಯ. ಖಿನ್ನತೆಯೂ ಸಾಮಾನ್ಯವೇ. ಹಾಗಾಗಿ ಎಷ್ಟೋ ಜನರಲ್ಲಿ ಎರಡೂ ಒಟ್ಟಿಗೆ ಇರುತ್ತವೆ, ಒಂದು ಇನ್ನೊಂದಕ್ಕೆ ಕಾರಣ ಆಗಿರಲೇಬೇಕು ಅಂತಿಲ್ಲ. ಟಿಎಸ್‌ಎಚ್ ಸ್ವಲ್ಪವೇ ಏರಿದ್ದು ಟಿ4 ಸರಿ ಇದ್ದವರಿಗೆ ಥೈರಾಕ್ಸಿನ್ ಕೊಟ್ಟು ನೋಡಿದ ಪ್ರಯೋಗಗಳಲ್ಲಿ ಮನಸ್ಸಿನ ಮೇಲೆ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ.

ಸುಸ್ತು, ತೂಕ, ನಿದ್ದೆ, ಮರೆವು ಎರಡರಲ್ಲೂ ಇರುತ್ತವೆ. ಅವುಗಳಿಂದ ಬೇರೆ ಮಾಡಲು ಆಗದು. ನಾನು ಕೇಳುವುದು ಬೇರೆ: ಮೊದಲು ಖುಷಿ ಕೊಡುತ್ತಿದ್ದ ಕೆಲಸ ಈಗ ಖುಷಿ ಕೊಡುತ್ತಿದೆಯಾ? ನಾನು ಯಾತಕ್ಕೂ ಬಾರದವಳು ಅನ್ನಿಸುತ್ತಿದೆಯಾ? ತಪ್ಪಿಲ್ಲದಿದ್ದರೂ ತಪ್ಪಿತಸ್ಥ ಭಾವ ಇದೆಯಾ? ಬದುಕು ಸಾಕು ಅನ್ನಿಸಿದೆಯಾ? ಇವು ಎರಡು ವಾರ ದಾಟಿ ಇದ್ದರೆ ಟಿಎಸ್‌ಎಚ್ ಎಷ್ಟೇ ಇರಲಿ, ಮನಸ್ಸಿಗೇ ಚಿಕಿತ್ಸೆ ಬೇಕು. ನಾರ್ಮಲ್ ರಿಪೋರ್ಟ್ ಅಂದರೆ ಥೈರಾಯ್ಡ್ ಹಿಡಿತಕ್ಕೆ ಬಂದಿದೆ ಅಂತ ಮಾತ್ರ. ಮನಸ್ಸು ಹೇಗಿದೆ ಅಂತ ರಕ್ತ ಹೇಳುವುದಿಲ್ಲ.

ನೀವು ಬರೆದದ್ದರಲ್ಲಿ ತಂಗಿ ಮನೆಗೂ ಹೋಗಲಿಲ್ಲ ಅನ್ನುವುದು ನನಗೆ ಟಿಎಸ್‌ಎಚ್‌ಗಿಂತ ಮುಖ್ಯ ಅನ್ನಿಸಿತು. ಅದನ್ನು ಡಾಕ್ಟರ್ ಮುಂದೆ ಹೀಗೇ ಹೇಳಿ. ಜೊತೆಗೆ ಹಿಮೋಗ್ಲೋಬಿನ್ ಮತ್ತು ಬಿ12 ನೋಡಿಸಿ. ಹಾಶಿಮೋಟೊ ಇರುವವರಲ್ಲಿ ಬಿ12 ಕೊರತೆ ಜಾಸ್ತಿ. ಸಸ್ಯಾಹಾರಿಗಳಾದರೆ ಇನ್ನೂ ಜಾಸ್ತಿ.

ಕಂಡಕ್ಟರ್_ಬೆಳಗಾವಿ

ನಂದು ಉಲ್ಟಾ ಕೇಸ್. ಟಿಎಸ್‌ಎಚ್ 0.01. ಥೈರಾಯ್ಡ್ ಜಾಸ್ತಿ ಆಗಿತ್ತು. ಗಂಡಸರಿಗೂ ಬರುತ್ತದೆ ಅಂತ ಯಾರೂ ಹೇಳುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಿದ್ದೆ ಇಲ್ಲ. ಎರಡು ಪಟ್ಟು ಊಟ ಮಾಡಿದರೂ ಪ್ಯಾಂಟ್ ಸಡಿಲ. ಎದೆ ಡವಡವ. ಟಿಕೆಟ್ ಮಷಿನ್ ಹಿಡಿದ ಕೈ ನಡುಗುತ್ತಿತ್ತು, ಚಿಲ್ಲರೆ ಎಣಿಸುವಾಗ ನಾಣ್ಯ ಕೆಳಗೆ ಬೀಳುತ್ತಿತ್ತು. ಬೆಳಗಿನ ಟ್ರಿಪ್‌ನಲ್ಲಿ ಒಬ್ಬರು "ಮುಂಜಾನೆನೇ ಕುಡದ ಬಂದಾನ ನೋಡ" ಅಂದರು. ನಾನು ಒಂದು ಹನಿ ಮುಟ್ಟದವನು. ಮನೆಯಲ್ಲೂ ಅಷ್ಟೇ. ಮಗ ಪೆನ್ಸಿಲ್ ಕೆಳಗೆ ಬೀಳಿಸಿದರೆ ಮೈ ಉರಿಯುತ್ತಿತ್ತು. ಹೆಂಡತಿ ಮಾತು ಬಿಟ್ಟಿದ್ದಳು.

ಒಂದು ಆಸ್ಪತ್ರೆಯಲ್ಲಿ ಇಸಿಜಿ ಮಾಡಿ, ಹಾರ್ಟ್ ಸರಿ ಇದೆ, ಟೆನ್ಶನ್ ಅಷ್ಟೇ ಅಂತ ನಿದ್ದೆ ಮಾತ್ರೆ ಕೊಟ್ಟು ಕಳಿಸಿದರು. ಎರಡನೇ ಕಡೆ ಡಾಕ್ಟರ್ ನನ್ನ ಕುತ್ತಿಗೆ, ಕಣ್ಣು ನೋಡಿ, ಕೈ ಮುಂದೆ ಚಾಚಿಸಿ ಬೆರಳ ಮೇಲೆ ಒಂದು ಕಾಗದ ಇಟ್ಟರು. ಕಾಗದ ಪಟಪಟ ಅಂತ ಅಲುಗಿತು. ಗ್ರೇವ್ಸ್ ಕಾಯಿಲೆ, ಅಂದರೆ ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವ ಕಾಯಿಲೆ ಅಂದರು. ಥೈರಾಯ್ಡ್ ಇಳಿಸಲು ಕಾರ್ಬಿಮಝೋಲ್, ಎದೆಬಡಿತ ಇಳಿಸಲು ಪ್ರೊಪ್ರನಲಾಲ್ ಶುರು ಮಾಡಿದರು. ನಡುಕ, ಎದೆಬಡಿತ ಬೇಗ ಇಳಿಯಿತು. ಸಿಟ್ಟು ಇಳಿಯಲು ತಿಂಗಳುಗಳೇ ಬೇಕಾದವು.

ಸಿಟ್ಟಿನ ಮನುಷ್ಯ ಅಂತ ನನಗೆ ಬಿದ್ದ ಹೆಸರು ಈಗಲೂ ಹೋಗಿಲ್ಲ. ಅದೇ ನೋವು.

ಬಿಳಿಕೋಟು_ಬೆಂಗಳೂರು

ಕಂಡಕ್ಟರ್ ಸರ್, ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. ಆತಂಕ ಅಂತ ಬಂದವರ ಪೈಕಿ ಇಂಥವರು ತಪ್ಪಿಹೋಗುತ್ತಾರೆ. ಹೊಟ್ಟೆ ತುಂಬಾ ತಿಂದೂ ತೂಕ ಇಳಿಯುತ್ತಿದ್ದರೆ, ಸೆಕೆ ತಡೆಯಲಾಗದಿದ್ದರೆ, ಮಲಗಿದಾಗಲೂ ನಾಡಿ ಓಡುತ್ತಿದ್ದರೆ ಬರೀ ಟೆನ್ಶನ್ ಅನ್ನುವಂತಿಲ್ಲ.

ಒಂದು ಎಚ್ಚರಿಕೆ. ಕಾರ್ಬಿಮಝೋಲ್ ತಗೊಳ್ಳುವಾಗ ಜ್ವರ, ಗಂಟಲು ನೋವು, ಬಾಯಿಹುಣ್ಣು ಬಂದರೆ ಮಾತ್ರೆ ನಿಲ್ಲಿಸಿ ಅವತ್ತೇ ರಕ್ತ ಪರೀಕ್ಷೆ ಮಾಡಿಸಬೇಕು. ಅಪರೂಪಕ್ಕೆ ಬಿಳಿ ರಕ್ತಕಣಗಳು ಕುಸಿಯುತ್ತವೆ, ಅದು ಅಪಾಯ.

ಹಾಸ್ಟೆಲ್_ಹುಡುಗಿ (ಧಾರವಾಡ)

ನನಗೆ ಪಿಸಿಓಎಸ್ (ಅಂಡಾಶಯದ ಹಾರ್ಮೋನ್ ಏರುಪೇರಿನ ತೊಂದರೆ). ಥೈರಾಯ್ಡ್ ಅಲ್ಲದಿದ್ದರೂ ಇಲ್ಲಿ ಕೇಳಬಹುದಾ?

ಗದ್ದದ ಮೇಲೆ ಕೂದಲು ಬರುತ್ತದೆ. ಥ್ರೆಡಿಂಗ್ ಮಾಡಿಸಿದ ಮೂರ್ನಾಲ್ಕು ದಿನಕ್ಕೇ ಮತ್ತೆ ಚುಚ್ಚುತ್ತದೆ. ಕ್ಲಾಸಿನಲ್ಲಿ ಯಾವಾಗಲೂ ಗದ್ದಕ್ಕೆ ಕೈ ಇಟ್ಟುಕೊಂಡೇ ಕೂರುತ್ತೇನೆ. ಫೋಟೋ ಅಂದರೆ ಹಿಂದೆ ಸರಿಯುತ್ತೇನೆ. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ. ಮದುವೆ ಮನೆಗೆ ಹೋದರೆ "ದಪ್ಪ ಆಗಿದ್ದೀಯಲ್ಲೇ" ಅನ್ನುವುದೇ ಮೊದಲ ಮಾತು. ಡಾಕ್ಟರ್ ತೂಕ ಇಳಿಸು ಅಂದರು, ಅಮ್ಮ ಮದುವೆಯಾದ್ಮೇಲೆ ಸರಿ ಹೋಗುತ್ತೆ ಅಂದರು. ನಿನ್ನ ಮನಸ್ಸು ಹೇಗಿದೆ ಅಂತ ಇಬ್ಬರೂ ಕೇಳಲಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಬಿಸ್ಕೆಟ್ ಪ್ಯಾಕ್ ಪೂರ್ತಿ ತಿಂದು ಆಮೇಲೆ ಅಳುತ್ತೇನೆ. ಇದೂ ಪಿಸಿಓಎಸ್ ಭಾಗವಾ?

ಬಿಳಿಕೋಟು_ಬೆಂಗಳೂರು

ಖಂಡಿತ ಕೇಳಬಹುದು ಪುಟ್ಟಾ. ಹೌದು, ಇದೂ ಅದರ ಭಾಗವೇ. 2023ರಲ್ಲಿ ಬಂದ ಪಿಸಿಓಎಸ್ ಅಂತರರಾಷ್ಟ್ರೀಯ ಮಾರ್ಗಸೂಚಿ ಈ ತೊಂದರೆ ಇರುವ ಎಲ್ಲರಿಗೂ ಖಿನ್ನತೆ, ಆತಂಕ ಇದೆಯಾ ಅಂತ ಪರೀಕ್ಷಿಸಬೇಕು ಎನ್ನುತ್ತದೆ. ಕೈ ಮೀರಿ ತಿನ್ನುವಂಥ ತೊಂದರೆಗಳನ್ನೂ ಅದು ಹೆಸರಿಸುತ್ತದೆ. ನಿನ್ನನ್ನು ಯಾರೂ ಕೇಳದಿದ್ದದ್ದು ಅವರ ಕಡೆಯ ಲೋಪ, ನಿನ್ನದಲ್ಲ.

ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಅದರಿಂದ ಅಂಡಾಶಯ ಗಂಡು ಹಾರ್ಮೋನನ್ನು ಜಾಸ್ತಿ ಮಾಡುತ್ತದೆ. ಗದ್ದದ ಕೂದಲು, ಮೊಡವೆ, ತಪ್ಪುವ ಮುಟ್ಟು ಎಲ್ಲಾ ಅಲ್ಲಿಂದ. ಇದು ಸೋಮಾರಿತನದಿಂದ ಬಂದದ್ದಲ್ಲ. ಕೂದಲಿಗೆ ಔಷಧಿ ಇದೆ, ಲೇಸರ್ ಇದೆ, ಕೆಲಸ ಮಾಡಲು ಆರು ತಿಂಗಳಾದರೂ ಹಿಡಿಯುತ್ತದೆ. ಹಾರ್ಮೋನ್ ಗುಳಿಗೆ ಕೊಟ್ಟರೆ ಮೊದಲ ಕೆಲವು ತಿಂಗಳು ಮನಸ್ಸಿನ ಮೇಲೆ ಒಂದು ಕಣ್ಣಿಡು. ಜಾಸ್ತಿ ಕುಗ್ಗಿದರೆ ಹೇಳು, ಬದಲಿಸಬಹುದು. ನಿಮ್ಮ ಊರಿನಲ್ಲೇ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ. ಹೊರರೋಗಿ ವಿಭಾಗಕ್ಕೆ ಗೆಳತಿಯನ್ನು ಕರೆದುಕೊಂಡು ಹೋಗಿ ಬಾ. ಅಷ್ಟರಲ್ಲಿ ಮನಸ್ಸು ತೀರಾ ಕುಗ್ಗಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡು. ಸರ್ಕಾರದ್ದು, ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ತುಂಗೆ_ದಡದವಳು

ಹಾಸ್ಟೆಲ್ ಹುಡುಗಿ, ನಾನು ಎಲ್ಲೂ ಹೋಗದೆ ಕೂತಿದ್ದೇನೆ ಅಂತ ಬರೆದೆನಲ್ಲ. ನೀನು ಫೋಟೋದಲ್ಲಿ ಹಿಂದೆ ಸರಿಯುತ್ತೇನೆ ಅಂದದ್ದು ನನಗೆ ಚೆನ್ನಾಗಿ ಅರ್ಥ ಆಯಿತು. ನೀನು ಡಾಕ್ಟರ್ ಹತ್ತಿರ ಹೋದ ದಿನ ಇಲ್ಲಿ ಬರಿ. ನಾನೂ ಬರೆಯುತ್ತೇನೆ.

ಪಡುವಣ_ಕಡಲು (ಕುಂದಾಪುರ)

ಎರಡನೇ ಹೆರಿಗೆ ಆದ ಮೇಲೆ ನನಗೆ ಮೊದಲು ವಿಪರೀತ ಚಡಪಡಿಕೆ, ಆಮೇಲೆ ನಾಲ್ಕೈದು ತಿಂಗಳಿಗೆ ಪೂರ್ತಿ ಕುಗ್ಗಿದ್ದು. ಮಗು ಅತ್ತರೂ ಏಳುವ ಮನಸ್ಸಿಲ್ಲ. ಬಾಣಂತನದಲ್ಲಿ ಎಣ್ಣೆ ಸ್ನಾನ, ಪಥ್ಯ, ಮದ್ದು ಎಲ್ಲಾ ಸರಿಯಾಗಿಯೇ ಆಗಿತ್ತು. "ಎಲ್ಲರಿಗೂ ಆಗುವುದೇ" ಅಂದರು. ಕಡೆಗೆ ಅಕ್ಕ ಒತ್ತಾಯ ಮಾಡಿ ರಕ್ತ ಪರೀಕ್ಷೆ ಮಾಡಿಸಿದಳು. ಹೆರಿಗೆಯ ನಂತರ ಬರುವ ಥೈರಾಯ್ಡ್ ಉರಿಯೂತವಂತೆ. ಮೊದಲು ಹಾರ್ಮೋನ್ ಏರಿ, ಆಮೇಲೆ ಇಳಿಯುತ್ತದಂತೆ. ಸ್ವಲ್ಪ ಕಾಲ ಮಾತ್ರೆ ತಗೊಂಡೆ, ಜೊತೆಗೆ ಆಪ್ತಸಲಹೆಗೂ ಹೋದೆ. ಈಗ ಮಾತ್ರೆ ಬೇಕಿಲ್ಲ, ವರ್ಷಕ್ಕೊಮ್ಮೆ ಟೆಸ್ಟ್ ಮಾತ್ರ.

ಬಿಳಿಕೋಟು_ಬೆಂಗಳೂರು

ಇದಕ್ಕೆ ಒಂದು ಮಾತು ಸೇರಿಸಲೇಬೇಕು. ಹೆರಿಗೆಯಾದ ಮೊದಲ ದಿನಗಳಲ್ಲಿ ಅಳು, ಬೇಸರ ಬಹಳ ಜನರಿಗೆ ಬರುತ್ತದೆ, ಎರಡು ವಾರದೊಳಗೆ ಹೋಗುತ್ತದೆ. ಅದಕ್ಕೂ ಮುಂದೆ ಉಳಿದರೆ ತೋರಿಸಿ. ಆದರೆ ಬಾಣಂತಿಗೆ ನಿದ್ದೆಯೇ ಬೇಡವಾದರೆ, ಇಲ್ಲದ ದನಿ ಕೇಳಿಸಿದರೆ, ಮಗು ನನ್ನದಲ್ಲ ಎಂಬಂಥ ಮಾತು ಬಂದರೆ, ಹಳ್ಳಿಯಲ್ಲಿ ಬಾಣಂತಿ ಸನ್ನಿ ಅನ್ನುತ್ತಾರಲ್ಲ, ಅದು ತುರ್ತು. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ತಾಯಿ ಮಗು ಇಬ್ಬರನ್ನೇ ಬಿಡಬೇಡಿ, ಯಾರಾದರೂ ಜೊತೆಗಿರಿ. ದೃಷ್ಟಿ ತೆಗೆಸುವುದರಲ್ಲಿ ಒಂದು ದಿನವನ್ನೂ ಕಳೆಯಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಬೇರೆ ಮಾಡದೆ ಒಟ್ಟಿಗೇ ಇರಿಸಿಕೊಂಡು ನೋಡುವ ವಿಭಾಗ ಇದೆ. ಚಿಕಿತ್ಸೆ ಸಿಕ್ಕರೆ ಚೆನ್ನಾಗಿ ವಾಸಿಯಾಗುತ್ತದೆ.

ಹಾಸನ_ಸೀಮೆ

ನಾನು ಗಂಡನ ಜಾಗದಲ್ಲಿ ನಿಂತು ಕೇಳುತ್ತಿದ್ದೇನೆ. ನನ್ನ ಹೆಂಡತಿಗೂ ಥೈರಾಯ್ಡ್. ಆಕೆ ಸುಮ್ಮನೆ ಕೂತಾಗ "ಧೈರ್ಯ ತಗೋ" ಅನ್ನುತ್ತೇನೆ. ಆಕೆ ಎದ್ದು ಒಳಗೆ ಹೋಗುತ್ತಾಳೆ. ಏನು ಹೇಳಬೇಕು?

ಮೇಷ್ಟ್ರಮ್ಮ_ತುಮಕೂರು

ಏನೂ ಹೇಳುವುದು ಬೇಡಪ್ಪ, ಮಾಡುವುದು ಇದೆ. ಬೆಳಿಗ್ಗೆ ಆಕೆ ಮಾತ್ರೆ ನುಂಗಿದ ಮೇಲೆ ಒಂದು ಗಂಟೆ ಕಾಫಿ ಇಲ್ಲ ಅಂದರೆ, ನಿನ್ನ ಕಾಫಿಯನ್ನೂ ಆಗಲೇ ಮಾಡಿಕೋ, ಇಬ್ಬರಿಗೂ ನೀನೇ ಮಾಡು. ಡಾಕ್ಟರ್ ಹತ್ತಿರ ಜೊತೆಯಲ್ಲಿ ಹೋಗು. ಆಕೆ ಹೇಳಿಕೊಳ್ಳಲಾಗದೆ ನಿಂತರೆ "ಮೊದಲು ಹೀಗಿರಲಿಲ್ಲ ಡಾಕ್ಟ್ರೇ" ಅಂತ ನೀನು ಹೇಳು. ನನಗೆ ಮುಟ್ಟು ನಿಲ್ಲುವ ಹೊತ್ತಿನಲ್ಲಿ ರಾತ್ರಿ ಮೈಯೆಲ್ಲಾ ಬೆವರಿ ಎದ್ದು ಕೂರುತ್ತಿದ್ದೆ, ಹಗಲು ಮಕ್ಕಳ ಮೇಲೆ ರೇಗುತ್ತಿದ್ದೆ. ನಮ್ಮ ಯಜಮಾನರು ಒಂದೂ ಮಾತಾಡದೆ ಫ್ಯಾನ್ ಹಾಕಿ, ನೀರು ತಂದಿಟ್ಟು ಮಲಗುತ್ತಿದ್ದರು. ಅದು ಸಾಕಿತ್ತು.

ತುಂಗೆ_ದಡದವಳು (ಕೆಲವು ವಾರಗಳ ನಂತರ)

ಬರೆಯುತ್ತೇನೆ ಅಂದಿದ್ದೆ. ಬಯೋಟಿನ್ ನಿಲ್ಲಿಸಿ ಮಾಡಿಸಿದೆ, ಟಿಎಸ್‌ಎಚ್ 3.4 ಬಂತು. ಮೊದಲಿಗಿಂತ ಜಾಸ್ತಿ, ಆದರೂ ಮಿತಿಯೊಳಗೇ. ಥೈರಾಯ್ಡ್ ಡಾಕ್ಟರ್ ಡೋಸ್ ಬದಲಿಸಲಿಲ್ಲ. ಬಿ12 ಮಾತ್ರ ಕಡಿಮೆ, 165, ಅದಕ್ಕೆ ಇಂಜೆಕ್ಷನ್ ನಡೆಯುತ್ತಿದೆ.

ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೂ ತೋರಿಸಿದೆ. 9 ಪ್ರಶ್ನೆಗಳ ಹಾಳೆ ಕೊಟ್ಟರು. ಕಳೆದ ಎರಡು ವಾರದಲ್ಲಿ ಎಷ್ಟು ದಿನ ಹೀಗನ್ನಿಸಿತು ಅಂತ ಗುರುತು ಹಾಕಬೇಕು. ಕೊನೆಯ ಪ್ರಶ್ನೆ ಸಾಯುವ ಯೋಚನೆ ಬಗ್ಗೆ. ಅದರ ಮುಂದೆ "ಕೆಲವು ದಿನ" ಅಂತ ಗುರುತು ಹಾಕಿದಾಗ ಪಕ್ಕದಲ್ಲಿದ್ದ ಯಜಮಾನರು ನೋಡಿದರು. ಅವತ್ತಿನಿಂದ ಮನೆಯಲ್ಲಿ ನಾರ್ಮಲ್ ರಿಪೋರ್ಟಿನ ಮಾತು ಬಂದಿಲ್ಲ.

ಖಿನ್ನತೆಗೆ ಸರ್ಟ್ರಲಿನ್ ಮಾತ್ರೆ ಶುರು ಮಾಡಿದ್ದಾರೆ, ವಾರಕ್ಕೊಮ್ಮೆ ಆಪ್ತಸಲಹೆ. ಈ ಮಾತ್ರೆಯಿಂದ ಕೆಲವರಿಗೆ ಥೈರಾಕ್ಸಿನ್ ಸ್ವಲ್ಪ ಜಾಸ್ತಿ ಬೇಕಾಗಬಹುದು, ಮತ್ತೆ ಟಿಎಸ್‌ಎಚ್ ನೋಡೋಣ ಅಂದರು. ಮೊದಲ ವಾರ ಹೊಟ್ಟೆ ತೊಳೆಸಿತು, ಈಗಿಲ್ಲ. ಬೆಳಗಿನ ಹೊತ್ತು ಇನ್ನೂ ಕಷ್ಟ. ಆದರೆ ತಿಂಗಳ ಕೊನೆಯ ಲೆಕ್ಕವನ್ನು ಯಾರ ಸಹಾಯವೂ ಇಲ್ಲದೆ ಮುಗಿಸಿದೆ.

ಹಾಸ್ಟೆಲ್_ಹುಡುಗಿ

ಅಕ್ಕಾ, ಓದಿ ಕಣ್ಣು ತುಂಬಿತು. ನಾನು ಸೋಮವಾರ ಹೋಗುತ್ತಿದ್ದೇನೆ. ಗೆಳತಿ ಬರುತ್ತಾಳೆ. ಬಿಸ್ಕೆಟ್ ವಿಷಯ ಹೇಳಲು ನಾಚಿಕೆ ಆಗುತ್ತೆ ಅಂತ ಇಲ್ಲಿ ಬರೆದದ್ದನ್ನೇ ಚೀಟಿಯಲ್ಲಿ ಬರೆದುಕೊಂಡಿದ್ದೇನೆ.

ಬಿಳಿಕೋಟು_ಬೆಂಗಳೂರು

ಚೀಟಿ ಕೊಡು, ಅದೇ ಸಾಕು. ತುಂಗೆ ದಡದವರೇ, ಒಳ್ಳೆಯ ಕೆಲಸ ಮಾಡಿದಿರಿ. ಚೆನ್ನಾಗಿದ್ದೇನೆ ಅನ್ನಿಸಿದ ಕೂಡಲೇ ಸರ್ಟ್ರಲಿನ್ ಬಿಡಬೇಡಿ. ಚೇತರಿಸಿಕೊಂಡ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ, ಆಮೇಲೆ ಡಾಕ್ಟರೇ ನಿಧಾನವಾಗಿ ಇಳಿಸುತ್ತಾರೆ.

ಭಟ್ಕಳ_ಬಂದರು

ಎಲ್ಲಾ ಓದಿದೆ, ಉಪಯೋಗ ಆಯಿತು. ನನ್ನ ಅಮ್ಮಿಗೆ ಥೈರಾಕ್ಸಿನ್ 100. ರಮಝಾನಿನಲ್ಲಿ ಹೋದ ಸಲ ಮಾತ್ರೆಯ ಸಮಯ ಏರುಪೇರಾಗಿ ಪೂರ್ತಿ ಮಂಕಾಗಿಬಿಟ್ಟಿದ್ದರು. ರೋಜಾ ಇರುವಾಗ ಯಾವಾಗ ಕೊಡಬೇಕು?

ಔಷಧಿ_ಅಂಗಡಿ

ಎರಡು ದಾರಿ ಇದೆ. ಸಹರಿಗೆ (ರೋಜಾ ಶುರುವಾಗುವ ಮುಂಚಿನ ನಸುಕಿನ ಊಟಕ್ಕೆ) ಅರ್ಧ ಗಂಟೆ ಮುಂಚೆ ಎಬ್ಬಿಸಿ ನೀರಿನ ಜೊತೆ ಕೊಡಿ. ಅಥವಾ ರಾತ್ರಿ ಮಲಗುವಾಗ ಕೊಡಿ, ಊಟ ಮುಗಿದು 3 ಗಂಟೆ ಆಗಿರಬೇಕು. ಇಫ್ತಾರಿನ ಹಾಲು, ಖರ್ಜೂರದ ಜೊತೆ ಬೇಡ. ಯಾವುದು ಅನುಕೂಲವೋ ಅವರ ಡಾಕ್ಟರನ್ನು ಕೇಳಿ ಒಂದನ್ನೇ ಹಿಡಿಯಿರಿ, ತಿಂಗಳಿಡೀ ಬದಲಿಸಬೇಡಿ. ಕ್ಯಾಲ್ಸಿಯಂ ಮಾತ್ರೆಯೂ ಇದ್ದರೆ, ಥೈರಾಕ್ಸಿನ್ ಸಹರಿಗಾದರೆ ಅದು ಇಫ್ತಾರಿಗೆ, ಥೈರಾಕ್ಸಿನ್ ರಾತ್ರಿಗಾದರೆ ಅದು ಸಹರಿ ಊಟಕ್ಕೆ.